ಉಡುಪಿ ಸೀರೆಯ ಮೇಲೆ ಧಾರವಾಡದ ಸೂಜಿ

ಧಾರವಾಡದ ಕಡೆಯ, ಬಟ್ಟೆಯ ಎಳೆ ಎಣಿಸಿ ಹೊಲಿಯುವ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯೊಂದಿದೆ. ಸೂಜಿಯು ಚಿತ್ರದ ಗೆರೆಯುದ್ದಕ್ಕೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂದು ಸಾಗಿ, ಕೊನೆ ಮುಟ್ಟಿದ ಮೇಲೆ ಅದೇ ಗೆರೆಯ ಮೇಲೆ ಹಿಂದಿರುಗುತ್ತ, ಹೋಗುವಾಗ ಬಿಟ್ಟ ಖಾಲಿ ಜಾಗಗಳನ್ನೆಲ್ಲ ತುಂಬಿ, ಹೊರಟಲ್ಲಿಗೇ ಬಂದು ಸೇರಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಕೆಲಸ ಸರಿಯಾಗಿದ್ದರೆ ಬಟ್ಟೆಯ ಮೇಲ್ಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳಲಿಕ್ಕಾಗದು. 15 ವರ್ಷ ನಾನು ಇದನ್ನು ಬಿಡುವಿನ ವೇಳೆಯಲ್ಲಿ ಮಾಡಿದೆ. 2019ರಿಂದ ಇದೇ ನನ್ನ ಉದ್ಯೋಗ. ಕೈಕೆಲಸವನ್ನು ಜೀವನೋಪಾಯ ಮಾಡಿಕೊಳ್ಳಬೇಕೆಂದಿರುವ ಹಲವರು ನನ್ನನ್ನು ಭೇಟಿಯಾದಾಗ ಮೊದಲು ಕೇಳುವುದು, ಇದ್ದ ಕೆಲಸ ಬಿಡುವ ಧೈರ್ಯ ಎಲ್ಲಿಂದ ಬಂತು ಎಂದು. ಧೈರ್ಯ ಒಂದು ದಿನದ ಮಾತು. ಅದಕ್ಕಿಂತ ಬಹಳ ಕಾಲ ಬೇಕಾದದ್ದು ಮತ್ತು ನನಗೆ ಬಹಳ ತಡವಾಗಿ ಬಂದದ್ದು, ಒಂದೇ ಚಿತ್ರವನ್ನು 36ನೆಯ ಬಾರಿ ಹೊಲಿಯುವಾಗಲೂ ಮೊದಲನೆಯದಕ್ಕೆ ಕೊಟ್ಟಷ್ಟೇ ಗಮನ ಕೊಡುವ ಅಭ್ಯಾಸ. ಅದರ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಸೂತಿ ಕಲಿತದ್ದು ಉಡುಪಿಯ ಕುಂಜಿಬೆಟ್ಟಿನಲ್ಲಿ. 2004ರಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಗೆ ಧಾರವಾಡದ ಕಡೆಯ ಕುಟುಂಬವೊಂದು ಬಂತು. ಮಗ ಬ್ಯಾಂಕಿನಲ್ಲಿ ಅಧಿಕಾರಿ, ಮಣಿಪಾಲಕ್ಕೆ ವರ್ಗವಾಗಿತ್ತು. ಜೊತೆಯಲ್ಲಿ ಬಂದ ಅವರ ತಾಯಿಗೆ ನಮ್ಮ ಮಳೆಯೂ ಹೊಸತು, ತುಳುವೂ ಹೊಸತು. ಮಧ್ಯಾಹ್ನದ ಊಟ ಮುಗಿದ ಮೇಲೆ ಅವರು ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕುಳಿತು, ಕಪ್ಪು ಚಂದ್ರಕಾಳಿ ಸೀರೆಯ ತುಂಡೊಂದರ ಮೇಲೆ ಬಿಳಿ ನೂಲಿನಿಂದ ಹೊಲಿಯುತ್ತಿದ್ದರು. ಬಟ್ಟೆಯ ಮೇಲೆ ಪೆನ್ಸಿಲಿನ ಗುರುತಿರಲಿಲ್ಲ, ಎದುರಿಗೆ ನೋಡಿ ಹೊಲಿಯುವುದಕ್ಕೆ ಚಿತ್ರವೂ ಇರಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೋದಂತೆ ತುಳಸಿಕಟ್ಟೆಯೊಂದು ತಾನಾಗಿ ಎದ್ದು ನಿಲ್ಲುತ್ತಿತ್ತು. ಕಲಿಸುತ್ತೀರಾ ಎಂದು ಕೇಳಿದ್ದಕ್ಕೆ ಅವರು ಒಂದು ವಾರ ಬರಿಯ ಎಣಿಸುವುದನ್ನೇ ಮಾಡಿಸಿದರು. ಗವಂತಿಯ ನಂತರ ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿ, ನೇಯ್ದಂತೆಯೇ ಕಾಣುವ ನೇಗಿ, ಕತ್ತರಿಯಾಕಾರದ ಮೆಂತ್ಯೆ, ಹೀಗೆ ನಾಲ್ಕು ಹೊಲಿಗೆಗಳೂ ಕೈಗೆ ಹತ್ತಲು ಒಂದು ವರ್ಷ ಹಿಡಿಯಿತು. ನಾನು ದಾರಿ ತಪ್ಪಿ, ಹಿಂದಿರುಗಲು ಗೆರೆಯಿಲ್ಲದೆ ನಿಂತಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಹೋದ ದಾರ್ಯಾಗ ಹೊಳ್ಳಿ ಬರಬೇಕವ್ವಾ, ಇಲ್ಲಾಂದ್ರ ಬಿಚ್ಚು." ಬಿಚ್ಚುವುದಕ್ಕೆ ಬೇಸರಿಸುವವರಿಗೆ ಅವರು ಮುಂದಿನ ಹೊಲಿಗೆ ಹೇಳಿಕೊಡುತ್ತಿರಲಿಲ್ಲ.

ಆಗ ನಾನು ಮಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿರುತ್ತಿತ್ತು. ಭಾನುವಾರಗಳಲ್ಲಿ, ರಾತ್ರಿ ಊಟದ ಮೇಲೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ ದಿನಗಳಲ್ಲಿ ಹೊಲಿಯುತ್ತಿದ್ದೆ. ಮದುವೆಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಟ್ಟ ರವಿಕೆ ಕಣಗಳಿಗೂ ದಿಂಬಿನ ಗವಸುಗಳಿಗೂ ಲೆಕ್ಕವಿಲ್ಲ. ಆ ಕಾಲದ ಸಂತೋಷ ನಿಜವಾದದ್ದೇ ಆಗಿತ್ತು. ಆದರೆ ಈಗ ಹಿಂದಿರುಗಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ: ಆ 15 ವರ್ಷಗಳಲ್ಲಿ ನಾನು ಒಂದೇ ಚಿತ್ರವನ್ನು ಎರಡು ಬಾರಿ ಹೊಲಿದದ್ದು ಬಹಳ ಅಪರೂಪ. ಗೋಪುರ ಮುಗಿದರೆ ನವಿಲು, ನವಿಲು ಮುಗಿದರೆ ಆನೆ. ಎಲ್ಲಿ ಕಷ್ಟವೋ ಅಲ್ಲಿ ಹೇಗೋ ದಾಟಿಕೊಂಡು ಮುಂದಿನ ಹೊಸ ಚಿತ್ರಕ್ಕೆ ಹೋಗುತ್ತಿದ್ದೆ. ಅದೇ ಕಷ್ಟ ಮತ್ತೊಮ್ಮೆ ಎದುರಾಗುವ ಅವಕಾಶವನ್ನೇ ನಾನು ಕೊಟ್ಟುಕೊಳ್ಳಲಿಲ್ಲ.

ಮೊದಲ ಬಾರಿ ಹಣ ಪಡೆದದ್ದು ಒಂದು ರವಿಕೆ ಕಣಕ್ಕೆ, 400 ರೂಪಾಯಿ. ಕೊಂಡವರು ಬಹಳ ಮೆಚ್ಚಿ ಕೊಂಡರು, ನಾನೂ ಹಿಗ್ಗಿದೆ. ಎರಡನೆಯ ರವಿಕೆ ಕಣ ಹೊಲಿಯುವಾಗ, ಕಚೇರಿಯ ಅಭ್ಯಾಸದಿಂದಲೋ ಏನೋ, ಒಂದು ಹಳೆಯ ಡೈರಿಯಲ್ಲಿ ಕುಳಿತ ಸಮಯ, ಎದ್ದ ಸಮಯ ಬರೆದಿಟ್ಟೆ. ಒಟ್ಟು 19 ಗಂಟೆಯಾಗಿತ್ತು. ಬಟ್ಟೆಗೂ ನೂಲಿಗೂ 180 ರೂಪಾಯಿ ಹೋದರೆ ಉಳಿದದ್ದು 220. ಅಂದರೆ ಗಂಟೆಗೆ 12 ರೂಪಾಯಿಯೂ ಇಲ್ಲ. ಅಂದಿನಿಂದ ಇಂದಿನವರೆಗೆ ಆ ಡೈರಿಯ ಪದ್ಧತಿಯನ್ನು ಬಿಟ್ಟಿಲ್ಲ. ಈಗ ಅದು ಒಂಬತ್ತನೆಯ ಪುಸ್ತಕ. ಕೈಕೆಲಸವನ್ನು ದುಡಿಮೆ ಮಾಡಿಕೊಳ್ಳಬೇಕೆನ್ನುವವರಿಗೆ ನಾನು ಕೊಡುವ ಮೊದಲ ಸಲಹೆಯೂ ಇದೇ: ಬೆಲೆ ಹೇಳುವ ಮೊದಲು ಮೂರು ತಿಂಗಳು ಸಮಯ ಬರೆದಿಡಿ, ಯಾರಿಗೂ ತೋರಿಸಬೇಡಿ, ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ.

ಬರೆದಿಡುತ್ತ ಹೋದಾಗ ಮತ್ತೊಂದು ಸಂಗತಿ ಗೊತ್ತಾಯಿತು. ಸೂಜಿ ಹಿಡಿದ ಪ್ರತಿ ಎರಡು ಗಂಟೆಗೆ ಸೂಜಿ ಹಿಡಿಯದ ಒಂದು ಗಂಟೆ ಇದ್ದೇ ಇರುತ್ತದೆ. ಚೌಕದ ಹಾಳೆಯಲ್ಲಿ ಚಿತ್ರ ಬರೆಯುವುದು, ನೂಲು ಆರಿಸುವುದು, ಬಟ್ಟೆ ತರಲು ಹೋಗಿ ಬರುವುದು, ಗಿರಾಕಿಯೊಡನೆ ಮಾತು, ತೊಳೆದು ಇಸ್ತ್ರಿ ಮಾಡುವುದು, ಕಟ್ಟಿ ಕಳುಹಿಸುವುದು. ಕಚೇರಿಯಲ್ಲಿ ನನಗೆ ತಿಂಗಳಿಗೆ 21,000 ರೂಪಾಯಿ ಸಂಬಳ, 200 ಗಂಟೆಗಳ ಕೆಲಸ. ಗಂಟೆಗೆ 105 ರೂಪಾಯಿ. ಕಸೂತಿಯ ಗಂಟೆಗೂ ಅಷ್ಟೇ ಇಟ್ಟುಕೊಂಡೆ. ಒಂದು ಸೀರೆಯ ಅಂಚಿಗೆ 45 ಗಂಟೆ ಸೂಜಿ ಕೆಲಸವಾದರೆ ಒಟ್ಟು ಸುಮಾರು 67 ಗಂಟೆ, ಅದಕ್ಕೆ 7,000 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಸೀರೆಯ ಬೆಲೆ ಬೇರೆ, ನೂಲಿನ ಬೆಲೆ ಬೇರೆ. ಈ ಮೊತ್ತವನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದಾಗ ಎದುರಿಗಿದ್ದವರು ಸೀರೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಎರಡನೆಯವರೂ ಕೊಟ್ಟರು. ಮೂರನೆಯವರು ಪುಸ್ತಕ ನೋಡಬಹುದೇ ಎಂದು ಕೇಳಿ, ಪುಟ ತಿರುವಿ ಓದಿ, ಒಂದು ರೂಪಾಯಿಯನ್ನೂ ಕಡಿಮೆ ಮಾಡೆನ್ನದೆ ಕೊಂಡರು.

ಯಾವ ಬಟ್ಟೆಯ ಮೇಲೆ ಹೊಲಿಯಬೇಕು ಎಂಬುದು ಬೆಲೆಗಿಂತ ದೊಡ್ಡ ಪ್ರಶ್ನೆಯಾಗಿತ್ತು. ಕಸೂತಿಗೆ ಎಳೆ ಎಣಿಸಲು ಬರುವ ಬಟ್ಟೆ ಬೇಕು. ಧಾರವಾಡದ ಕಡೆ ಇಳಕಲ್ ಸೀರೆಯಿದೆ. ನಾನು ಬಹಳ ವರ್ಷ ಅಂಗಡಿಯಲ್ಲಿ ಸಿಕ್ಕಿದ ಮಿಲ್ಲಿನ ಬಟ್ಟೆಯ ಮೇಲೆ, ಎಳೆಗಳು ಬಿಡಿಬಿಡಿಯಾಗಿ ಕಾಣುವ ಜಾಲಿ ಬಟ್ಟೆ ಇಟ್ಟು ಹೊಲಿದು, ಆಮೇಲೆ ಜಾಲಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದೆ. ಅದು ಸುಲಭ, ಆದರೆ ಹೊಲಿಗೆ ಬಟ್ಟೆಯೊಳಗೆ ಕೂರುವುದಿಲ್ಲ, ಮೇಲೆ ತೇಲುತ್ತದೆ. ನಮ್ಮದೇ ಊರಿನಲ್ಲಿ ಕೈಮಗ್ಗದ ಹತ್ತಿ ಸೀರೆಯಿರುವಾಗ ನಾನು ಅದನ್ನು ಯೋಚಿಸದೇ ಇದ್ದದ್ದಕ್ಕೆ ಇಂದಿಗೂ ವಿಷಾದವಿದೆ. ನನ್ನ ಅಜ್ಜಿ ಉಟ್ಟಿದ್ದು ಅದನ್ನೇ; ಮನೆಯಲ್ಲಿ ಅದಕ್ಕೆ ಹೆಸರಿರಲಿಲ್ಲ, ಬರಿಯ 'ಕೈಮಗ್ಗದ ಸೀರೆ'. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ, ಅಂದರೆ ಇದು ಈ ಊರಿನದೇ ಎಂಬ ಮಾನ್ಯತೆ ಸಿಕ್ಕಿದ ಸುದ್ದಿ ಓದಿದಾಗಲೇ ಅದಕ್ಕೊಂದು ಊರಿನ ಹೆಸರಿದೆ ಎಂದು ನನ್ನಂತಹ ಎಷ್ಟೋ ಮಂದಿಗೆ ಗೊತ್ತಾದದ್ದು.

ಒಂದು ಶನಿವಾರ ಬಸ್ಸಿನಲ್ಲಿ ಮೂಲ್ಕಿಗೆ ಹೋಗಿ ಅಲ್ಲಿಂದ ಕಿನ್ನಿಗೋಳಿಗೆ, ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘಕ್ಕೆ ಹೋದೆ. ಸೀರೆಗಳನ್ನು ಹರಡಿದಾಗ 40, 60, 80 ಎಂದು ನೂಲಿನ ನಂಬರು ಹೇಳುತ್ತಿದ್ದರು. ಸಂಖ್ಯೆ ಹೆಚ್ಚಿದಷ್ಟೂ ನೂಲು ಸಪುರ. ಒಂದು ಪೌಂಡು ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಾಗುತ್ತವೆಯೋ ಅದೇ ಅದರ ನಂಬರು. 80ರ ಸೀರೆ ಉಡಲು ಹಗುರ, ನಮ್ಮ ಸೆಕೆಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅದರ ಎಳೆ ಎಣಿಸುವುದು ಬರಿಗಣ್ಣಿಗೆ ಕಷ್ಟ. 40ರಿಂದ ಆರಂಭಿಸಿದೆ. ಸೂಜಿ ಒಳಗಿಳಿದ ಮೊದಲ ಕ್ಷಣದಲ್ಲೇ ವ್ಯತ್ಯಾಸ ತಿಳಿಯಿತು. ಕೈಮಗ್ಗದ ಬಟ್ಟೆಯಲ್ಲಿ ಎಳೆಗಳ ನಡುವೆ ಸೂಜಿಗೆ ಜಾಗವಿದೆ. ಅದು ಎಳೆಯನ್ನು ಸೀಳದೆ ಎರಡರ ನಡುವೆ ಸರಿದು ಹೋಗುತ್ತದೆ, ಹೊಲಿಗೆ ಬಟ್ಟೆಯ ಜೊತೆ ಒಂದಾಗುತ್ತದೆ.

ಆದರೆ ಅದೇ ಬಟ್ಟೆ ನನಗೆ ದೊಡ್ಡ ತೊಡಕನ್ನೂ ತಂದಿತು. ಒಂದಿಂಚಿನಲ್ಲಿ ಉದ್ದಕ್ಕೆ ಓಡುವ ಹಾಸಿನ ಎಳೆಗಳು ಎಷ್ಟಿರುತ್ತವೆಯೋ ಅಡ್ಡಕ್ಕೆ ನೇಯುವ ಹೊಕ್ಕಿನ ಎಳೆಗಳು ಅಷ್ಟೇ ಇರಬೇಕೆಂದಿಲ್ಲ. ಎರಡೂ ಕಡೆ ನಾಲ್ಕು ನಾಲ್ಕು ಎಳೆ ಎಣಿಸಿ ಹೊಲಿದ ಚೌಕ ಚೌಕವಾಗಿ ಬರುವುದಿಲ್ಲ, ಉದ್ದವಾಗಿಯೋ ಕುಳ್ಳಗಾಗಿಯೋ ನಿಲ್ಲುತ್ತದೆ. ಹಾಗಾಗಿ ಪ್ರತಿ ಸೀರೆಯ ಸೆರಗಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಹೊಲಿದು, ಅಳೆದು, ಒಂದು ಕಡೆ ನಾಲ್ಕಾದರೆ ಇನ್ನೊಂದು ಕಡೆ ಐದೋ ಮೂರೋ ಎಂದು ನಿರ್ಧರಿಸಿ, ಆ ಚೌಕವನ್ನು ಬಿಚ್ಚಿ ತೆಗೆದ ನಂತರವೇ ಕೆಲಸ ಆರಂಭಿಸುತ್ತೇನೆ.

ಇನ್ನು ಚಿತ್ರದ ಮಾತು. ಕಸೂತಿಯಲ್ಲಿ ತೇರು ಹಳೆಯ ಚಿತ್ರವೇ, ಪಕ್ಕದ ಮನೆಯ ಧಾರವಾಡದ ಅಜ್ಜಿ ಕಲಿಸಿದ್ದರು. ಆದರೆ ಅದು ಘಟ್ಟದ ಮೇಲಿನ ತೇರು. ಉಡುಪಿಯ ರಥಬೀದಿಯಲ್ಲಿ ಬೆಳೆದವರ ಕಣ್ಣಿಗೆ ತೇರೆಂದರೆ ಮೇಲ್ಭಾಗ ದುಂಡಗೆ ಉಬ್ಬಿ, ಮೈತುಂಬ ಪತಾಕೆಗಳನ್ನು ಹೊತ್ತ ಬ್ರಹ್ಮರಥ. ಉಡುಪಿ ಸೀರೆಯ ಅಂಚಿಗೆ ಉಡುಪಿಯ ತೇರೇ ಆಗಬೇಕೆಂದು ನಿಶ್ಚಯಿಸಿದೆ. ಗವಂತಿಗೆ ಬರುವುದು ಅಡ್ಡ ಗೆರೆ, ಉದ್ದ ಗೆರೆ, ಓರೆ ಗೆರೆ; ಬಾಗಿದ ಗೆರೆ ಬರುವುದಿಲ್ಲ. ದುಂಡು ಎಲ್ಲಿಂದ ತರುವುದು? ಮೊದಲು ಬರೆದದ್ದು ಎಂಟು ಮೂಲೆಯ ಪೆಟ್ಟಿಗೆಯಂತೆ ಕಂಡಿತು. ಮೂಲೆಗಳನ್ನು ಹೆಚ್ಚಿಸಿದರೆ ಹಲಸಿನ ಕಾಯಿಯಾಯಿತು. ಮಕರ ಸಂಕ್ರಾಂತಿಯ ಮೂರು ತೇರಿನ ರಾತ್ರಿ, ಜನಜಂಗುಳಿಯಲ್ಲಿ ನಿಂತು ನಾನು ತೇರಿನ ಭುಜವನ್ನೇ ನೋಡುತ್ತಿದ್ದೆ. ಮೇಲಿನಿಂದ ಇಳಿಯುವಾಗ ಅದು ಮೊದಲು ಬಹಳ ಹೊತ್ತು ಅಡ್ಡಕ್ಕೆ ಚಾಚಿ, ಆಮೇಲೆ ಒಮ್ಮೆಲೇ ಕೆಳಗೆ ತಿರುಗುತ್ತದೆ. ಮನೆಗೆ ಬಂದು ಆ ಭುಜವನ್ನು ಮುರಗಿಯ ಮೆಟ್ಟಿಲುಗಳಲ್ಲಿ ಬರೆದೆ: ಮೂರು ಅಡ್ಡ, ಒಂದು ಕೆಳಗೆ, ಎರಡು ಅಡ್ಡ, ಒಂದು ಕೆಳಗೆ, ಒಂದು ಅಡ್ಡ, ಒಂದು ಕೆಳಗೆ, ಒಂದು ಅಡ್ಡ, ಎರಡು ಕೆಳಗೆ. ಎರಡಡಿ ದೂರದಿಂದ ನೋಡಿದಾಗ ಮೆಟ್ಟಿಲು ಮಾಯವಾಗಿ ದುಂಡು ಬಂತು. ಇಷ್ಟಕ್ಕೆ 16 ಹಾಳೆಗಳಾಗಿದ್ದವು, ಅವೆಲ್ಲವೂ ಇನ್ನೂ ನನ್ನಲ್ಲಿವೆ.

ರೂಪ ಬಂದರೆ ಸಾಲದು, ದಾರಿಯೂ ಬೇಕು. ತೇರಿನ ಪ್ರತಿಯೊಂದು ಪತಾಕೆಯೂ ಮುಖ್ಯ ಗೆರೆಯಿಂದ ಹೊರಟ ಕವಲು. ಸೂಜಿ ಕವಲಿನ ತುದಿಯವರೆಗೆ ಹೋಗಿ, ಖಾಲಿ ತುಂಬುತ್ತ ಹಿಂದಿರುಗಿ, ಮುಖ್ಯ ಗೆರೆಯನ್ನು ಸರಿಯಾದ ಬದಿಯಿಂದ ಸೇರಬೇಕು. ಮೇಲೆ ಬರಬೇಕಾದಲ್ಲಿ ಕೆಳಗಿದ್ದರೆ ಹಿಂಬದಿಯಲ್ಲಿ ನೂಲು ಅಡ್ಡಹಾಯ್ದು ಕಾಣುತ್ತದೆ, ಎರಡು ಬದಿಯೂ ಒಂದೇ ಆಗುವುದಿಲ್ಲ. ಮೊದಲ ತೇರಿಗೆ ನನಗೆ 2 ಗಂಟೆ 10 ನಿಮಿಷ ಹಿಡಿಯಿತು. ಆರು ಇಂಚಿಗೊಂದರಂತೆ ಸೀರೆಯ ಅಂಚಿಗೆ 36 ತೇರು. ಐದನೆಯದಕ್ಕೆ ಬರುವಷ್ಟರಲ್ಲಿ ನನಗೆ ಬೇಸರ ಬಂದಿತ್ತು, ಇದನ್ನು ಮುಚ್ಚಿಡುವುದಿಲ್ಲ. ಹವ್ಯಾಸದ ದಿನಗಳಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಸಣ್ಣ ಬಳ್ಳಿಯಿಂದ ತುಂಬಿ ಬಿಡುತ್ತಿದ್ದೆ. ಆದರೆ ಇದಕ್ಕೆ ಮುಂಗಡ ಪಡೆದಿದ್ದೆ. ಹತ್ತನೆಯ ತೇರಿನ ಹೊತ್ತಿಗೆ ಯಾವ ಕವಲನ್ನು ಮೊದಲು ಹಿಡಿದರೆ ನೂಲು ಉಳಿಯುತ್ತದೆ ಎಂಬುದು ಗೊತ್ತಾಯಿತು. ಇಪ್ಪತ್ತರ ನಂತರ ಎಣಿಸುವುದನ್ನು ಬಾಯಿ ಬಿಟ್ಟಿತು, ಬೆರಳು ಹಿಡಿದುಕೊಂಡಿತು. ಮೂರು ಎಳೆಯೋ ನಾಲ್ಕು ಎಳೆಯೋ ಎಂಬುದು ಸೂಜಿಯ ತುದಿಗೇ ತಿಳಿಯತೊಡಗಿತು. 36ನೆಯದು 55 ನಿಮಿಷದಲ್ಲಿ ಮುಗಿದದ್ದಷ್ಟೇ ಅಲ್ಲ, ಅದು ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಮೊದಲ ನಾಲ್ಕನ್ನು ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ. 15 ವರ್ಷ ಬಗೆಬಗೆಯ ಚಿತ್ರಗಳನ್ನು ಹೊಲಿದಾಗ ಬಾರದ ಕೈ ಆ ಒಂದು ಸೀರೆಯಲ್ಲಿ ಬಂತು ಎಂದು ನಾನು ನಂಬಿದ್ದೇನೆ.

ಆ ಸೀರೆಯನ್ನು ಗಿರಾಕಿಗೆ ಕೊಡುವ ಮೊದಲು ಅದನ್ನು ನೇಯ್ದ ಹಿರಿಯರಿಗೆ ತೋರಿಸಬೇಕೆನಿಸಿ ಕಿನ್ನಿಗೋಳಿಗೆ ಒಯ್ದೆ. ಅವರು ಮಗ್ಗದಿಂದೆದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಚನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಇದರ ಹಿಂಬದಿ ಯಾವುದು ಎಂದು ತುಳುವಿನಲ್ಲಿ ಕೇಳಿದರು. ನನಗೆ ಬೇಕಾದದ್ದು ಸಿಕ್ಕಿತೆಂದು ನಾನು ಸಂತೋಷಪಡುತ್ತಿರುವಾಗಲೇ ಅವರು ಸೆರಗಿನ ಸಮೀಪದ ಏಳೆಂಟು ತೇರುಗಳ ಮೇಲೆ ಬೆರಳಿಟ್ಟು, ಇವು ಸ್ವಲ್ಪ ಸೊರಗಿವೆಯಲ್ಲ ಎಂದರು. ನಿಜ, ಅವುಗಳ ಅಗಲ ಕೂದಲೆಳೆಯಷ್ಟು ಕಡಿಮೆಯಿತ್ತು; ನನ್ನ ಎಣಿಕೆಯ ತಪ್ಪೆಂದು ಎರಡು ರಾತ್ರಿ ಕೊರಗಿದ್ದೆ. ಅವರು ತಲೆಯಾಡಿಸಿ, ತಪ್ಪು ನಿಮ್ಮದಲ್ಲ, ಅಲ್ಲಿ ನನ್ನ ಕೈ ಬಿಗಿಯಾಗಿತ್ತು ಎಂದರು. ಹೊಕ್ಕಿನ ಎಳೆಯನ್ನು ಬಡಿಯುವ ಕೈ ಬಿಗಿಯಾದರೆ ಎಳೆಗಳು ಒತ್ತಾಗಿ ಕೂರುತ್ತವೆ. ಅಷ್ಟೇ ಎಳೆ ಎಣಿಸಿದರೂ ಚಿತ್ರದ ಅಗಲ ತಗ್ಗುತ್ತದೆ. ತಾವು ಯಾವಾಗಲೋ ನೇಯ್ದ ಸೀರೆಯಲ್ಲಿ ತಮ್ಮ ಕೈಯ ಬಿಗಿಯನ್ನು ನನ್ನ ತೇರುಗಳ ಅಗಲದಿಂದ ಗುರುತಿಸಿದ ಆ ಕಣ್ಣನ್ನು ನಾನು ಮರೆಯಲಾರೆ. ಅವರು ಜೀವಮಾನವಿಡೀ ನೇಯ್ದದ್ದು ಇಂತಹವೇ ಸೀರೆಗಳನ್ನು, ಒಂದಾದ ಮೇಲೊಂದು, ಅದೇ ಅಗಲ, ಅದೇ ಅಂಚು. ಯಾರೂ ಅವರನ್ನು ಕಲಾವಿದರೆಂದು ಕರೆದಿರಲಿಲ್ಲ.

ನನ್ನ ಮನೆಯಲ್ಲೂ ಕೈಕೆಲಸವೆಂದರೆ ಹೊತ್ತು ಕಳೆಯಲು ಒಳ್ಳೆಯದು ಎಂಬ ಭಾವನೆಯೇ ಇತ್ತು. ಇದೇ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕೈಕಸುಬು ಕೋಟ್ಯಂತರ ಜನರ ಅನ್ನ ಎಂಬುದನ್ನು ದೇಶಕ್ಕೆ ಮನದಟ್ಟು ಮಾಡಲು ಬದುಕಿನ ಬಹುಭಾಗವನ್ನು ಕೊಟ್ಟರು, ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿದರು. ಅವರ ತವರಿನಲ್ಲೇ ಮಗ್ಗದ ಮುಂದೆ ಕುಳಿತವರನ್ನು ನಾವು ಮರೆತಿದ್ದೆವು ಎಂಬುದು ನನಗೆ ನೋವಿನ ಸಂಗತಿ.

ಕೆಲಸ ಬಿಡುವ ಮೊದಲು ಎಂಟು ತಿಂಗಳ ಮನೆಖರ್ಚನ್ನು ಕೂಡಿಟ್ಟೆ, ಅದೂ ಪಿಗ್ಮಿಯಲ್ಲಿ. ದಿನವೂ ಮನೆ ಬಾಗಿಲಿಗೆ ಬಂದು ಸಣ್ಣ ಮೊತ್ತವನ್ನು ಪಡೆಯುವ ಈ ಪದ್ಧತಿ ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಅದರ ಮೂಲ ನೇಕಾರರ ಕಷ್ಟದಲ್ಲಿದೆ ಎಂಬುದು ಮಾತ್ರ ನನಗೆ ಕಸೂತಿಗೆ ಇಳಿದ ಮೇಲೆಯೇ ತಿಳಿದದ್ದು. ಕೈಮಗ್ಗ ಬಿಕ್ಕಟ್ಟಿಗೆ ಸಿಲುಕಿದ ಕಾಲದಲ್ಲಿ ಇಲ್ಲಿನ ನೇಕಾರರಿಗೆ ಸಾಲ ಒದಗಿಸಬೇಕೆಂದು ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು; 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿದ್ದೂ ಅದೇ ಬ್ಯಾಂಕು. 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಕಸೂತಿಯ ಅಜ್ಜಿಯನ್ನು ಕುಂಜಿಬೆಟ್ಟಿಗೆ ಕರೆತಂದದ್ದು ಬ್ಯಾಂಕಿನ ವರ್ಗಾವಣೆಯೇ ಎಂಬುದು ನೆನಪಾದಾಗ, ನೇಕಾರರ ಋಣ ಸುತ್ತಿ ಬಳಸಿ ನನ್ನವರೆಗೂ ಬಂದಿದೆ ಎನಿಸುತ್ತದೆ.

ಕಾಗದಪತ್ರದ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಗುರುತಿನ ಚೀಟಿ ಇದ್ದರೆ ಸರಕಾರಿ ಮೇಳಗಳಲ್ಲಿ ಮಳಿಗೆ ಕೇಳಲು ಅನುಕೂಲ. ಲೆಕ್ಕಪತ್ರ ಗೊತ್ತಿಲ್ಲದವರು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂತಹ ಕಡೆ ಉಚಿತ ತರಬೇತಿಯನ್ನು ವಿಚಾರಿಸಬಹುದು.

ನಾನು ಕೆಲಸ ಬಿಟ್ಟು ಒಂದು ವರ್ಷ ತುಂಬುವಷ್ಟರಲ್ಲಿ ಲಾಕ್‌ಡೌನ್ ಬಂದು ಮೇಳಗಳೆಲ್ಲ ನಿಂತವು. ಆ ತಿಂಗಳುಗಳಲ್ಲಿ ನನ್ನ ಎಲ್ಲ ಚಿತ್ರಗಳನ್ನೂ ಒಂದೊಂದು ಗೇಣಿನ ಬಟ್ಟೆಯ ಮೇಲೆ ಹೊಲಿದು, ಪಕ್ಕದಲ್ಲಿ ಸಮಯವನ್ನೂ ದಾರಿಯ ನಕ್ಷೆಯನ್ನೂ ಬರೆದು ಒಂದು ಮಾದರಿ ಪುಸ್ತಕ ಮಾಡಿದೆ. ಇಂದು ಗಿರಾಕಿಗಳು ಆರಿಸುವುದು ಅದರಿಂದಲೇ.

ಒಂದು ತಪ್ಪನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಇದರಿಂದ ಪಾರಾಗಬಹುದು. ಆರಂಭದ ದಿನಗಳಲ್ಲಿ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೆಂಪು ನೂಲಿನ ಲಚ್ಚಿಗಳನ್ನು ಒಟ್ಟಿಗೆ ಕೊಂಡೆ. ಆರು ಎಳೆಯ ಲಚ್ಚಿ, ಹೊಳಪು ಚೆನ್ನಾಗಿತ್ತು. ಹಾಲುಬಿಳುಪಿನ ಸೀರೆಯೊಂದರ ತೇರಿಗೆ ಆ ಕೆಂಪಿನಿಂದ ಪತಾಕೆಗಳನ್ನು ಹೊಲಿದೆ. ಸೀರೆ ಪಡೆದವರು ಮೊದಲ ಬಾರಿ ನೀರಿಗೆ ಹಾಕಿದ ದಿನವೇ ಫೋನ್ ಮಾಡಿದರು. ಹೋಗಿ ನೋಡಿದರೆ ಪ್ರತಿ ತೇರಿನ ಸುತ್ತಲೂ ಗುಲಾಬಿ ಬಣ್ಣದ ಕಲೆ ಹರಡಿತ್ತು. ಬೈದಿದ್ದರೆ ಸಹಿಸಬಹುದಿತ್ತು, ಅವರು ಬೈಯಲಿಲ್ಲ, ಸುಮ್ಮನೆ ಸೀರೆಯನ್ನು ನನ್ನ ಮಡಿಲಲ್ಲಿಟ್ಟರು. ಹೊಸ ಸೀರೆ ತಂದು, ಎಲ್ಲವನ್ನೂ ಮೊದಲಿನಿಂದ ಹೊಲಿದು ಕೊಟ್ಟೆ; ಎರಡು ತಿಂಗಳ ದುಡಿಮೆ ಹೋಯಿತು. ಅಂದಿನಿಂದ ಯಾವ ಲಚ್ಚಿ ಬಂದರೂ ಅದರ ಒಂದು ತುಂಡನ್ನು ಸಾಬೂನಿನ ನೀರಿನಲ್ಲಿ ನೆನೆಸಿ, ಎರಡು ಬಿಳಿ ಹತ್ತಿ ಬಟ್ಟೆಗಳ ನಡುವೆ ಒದ್ದೆಯಾಗಿಯೇ ಇಟ್ಟು, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತೇನೆ. ಬಿಳಿ ಬಟ್ಟೆಗೆ ಛಾಯೆಯಷ್ಟು ಬಣ್ಣ ಹತ್ತಿದರೂ ಆ ಲಚ್ಚಿ ಬಳಸುವುದಿಲ್ಲ. ಕೆಂಪು, ಕಡುನೀಲಿ, ಕಪ್ಪು ಇವುಗಳನ್ನು ಎರಡೆರಡು ಬಾರಿ ಪರೀಕ್ಷಿಸುತ್ತೇನೆ.

ನಮ್ಮ ಊರಿನ ಮಳೆಗಾಲವೂ ಈ ಕಸುಬಿನ ಒಂದು ಪಾಲುದಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಗಂಜಿ ಹಾಕಿದ ಹತ್ತಿ ಸೀರೆಗೆ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಹಾಗಾಗಿ ಮಳೆಗಾಲದ ಸೀರೆಗಳನ್ನು ಮೊದಲೇ ತೊಳೆದು ಗಂಜಿ ತೆಗೆದು, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಎಂದಿಗೂ ಇಡುವುದಿಲ್ಲ. ಕತ್ತಲು ಕವಿದ ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಧ್ಯಾಹ್ನಗಳಲ್ಲಿ ಎಳೆ ಎಣಿಸುವ ಕೆಲಸಕ್ಕೆ ಕೂರುವುದೂ ಇಲ್ಲ, ಕಣ್ಣು ಉಳಿದರೆ ತಾನೆ ಕಸೂತಿ. ಆ ಹೊತ್ತನ್ನು ಚೌಕದ ಹಾಳೆಗೆ ಮೀಸಲಿಟ್ಟಿದ್ದೇನೆ.

ಕಂಪ್ಯೂಟರ್ ಯಂತ್ರದಲ್ಲಿ ಕಸೂತಿಯ ಚಿತ್ರಗಳನ್ನೇ ಹೊಲಿದು ಕೈಕೆಲಸವೆಂದು ಮಾರುವುದು ಈಗ ಸಾಮಾನ್ಯವಾಗಿದೆ. ನನ್ನ ತೇರೂ ಹಾಗೆ ಒಂದು ಕಡೆ ಕಾಣಿಸಿಕೊಂಡಿತು, ದುಂಡಿನ ಮೆಟ್ಟಿಲು ಸಮೇತ. ಬಹಳ ನೊಂದುಕೊಂಡೆ. ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಬಟ್ಟೆಯನ್ನು ತಿರುಗಿಸಿ ನೋಡಿ. ಯಂತ್ರದ ಹೊಲಿಗೆಯ ಹಿಂಬದಿಯಲ್ಲಿ ಕೆಳಗಿನ ಬಾಬಿನ್ನಿನ ನೂಲು ಬೇರೆಯಾಗಿ ಕಾಣುತ್ತದೆ, ಹಲವು ಬಾರಿ ಗಟ್ಟಿ ಕಾಗದದಂತಹ ಅಸ್ತರೂ ಇರುತ್ತದೆ. ಗವಂತಿಯ ಹಿಂಬದಿ ಮೇಲ್ಬದಿಯ ಹಾಗೆಯೇ ಇರುತ್ತದೆ. ಯಂತ್ರದ ಕೆಲಸ ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದನ್ನು ಯಂತ್ರದ ಕೆಲಸವೆಂದೇ ಹೇಳಿ ಮಾರಲಿ ಎಂಬುದಷ್ಟೇ ನನ್ನ ಬೇಡಿಕೆ.

ಇತ್ತೀಚೆಗೆ ಶನಿವಾರಗಳಲ್ಲಿ ಇಬ್ಬರು ಹುಡುಗಿಯರು ಕಲಿಯಲು ಬರುತ್ತಾರೆ. ಒಬ್ಬಳು ಕಾಲೇಜು ಮುಗಿಸಿದವಳು, ಇನ್ನೊಬ್ಬಳ ಮನೆಯಲ್ಲಿ ಹಿಂದೆ ಮಗ್ಗವಿತ್ತು. ಇಬ್ಬರಿಗೂ ಎರಡನೆಯ ತೇರಿನಲ್ಲೇ ಹೊಸ ಚಿತ್ರ ಬೇಕು. ನಾನು ಕೊಟ್ಟಿಲ್ಲ, ಹನ್ನೆರಡು ತೇರು ಮುಗಿಯಲಿ ಎಂದಿದ್ದೇನೆ. ಕಳೆದ ವಾರ ಮಗ್ಗದ ಮನೆಯ ಹುಡುಗಿ ಏಳನೆಯ ತೇರಿನ ಕೊನೆಯ ಪತಾಕೆಗೆ ಬಂದಾಗ ಸೂಜಿಗೆ ಹಿಂದಿರುಗಲು ದಾರಿಯಿರಲಿಲ್ಲ. ಎಲ್ಲಿ ತಪ್ಪಿತೆಂದು ಹಿಂದಕ್ಕೆ ಹುಡುಕುತ್ತ ಹೋದರೆ, ತೇರಿನ ಬುಡದಲ್ಲಿ ಒಂದು ಕಡೆ ನಾಲ್ಕರ ಬದಲು ಮೂರು ಎಳೆ ಹಿಡಿದಿದ್ದಳು. ಅವಳು ನನ್ನ ಮುಖ ನೋಡಿದಳು. ನಾನು ಏನನ್ನೂ ಹೇಳಲಿಲ್ಲ. ಅವಳು ಸೂಜಿಯ ಹಿಂಬದಿಯಿಂದ ಕೊನೆಯ ಹೊಲಿಗೆಯನ್ನು ಎತ್ತಿ, ಬಟ್ಟೆ ಎಳೆಯದಂತೆ ಎಡಗೈ ಹೆಬ್ಬೆರಳಿನಿಂದ ಒತ್ತಿಹಿಡಿದು, ಒಂದೊಂದಾಗಿ ಬಿಚ್ಚತೊಡಗಿದಳು. ನೂಲು ತುಂಡಾಗದೆ ಬುಡದವರೆಗೂ ಬಂತು. ಅದನ್ನೇ ಮತ್ತೆ ಸೂಜಿಗೆ ಪೋಣಿಸಿದಳು.